ತೊಟ್ಟಿಯಲ್ಲಿ ನೆನೆದ ಗಾಲಿ

ನಾನು ಒಂದು ಗಾಲಿ. ರೇಸ್ ಸೈಕಲ್ಲಿನ ಮುಂದಿನ ಗಾಲಿ. ಗಾಲಿ ಎಂದ ಕೂಡಲೇ ಧೈರ್ಯವಂತ, ಯಾರಿಗೂ ಅಂಜದವನು ಎಂದು ನೀವು ಅಂದುಕೊಂಡಿದ್ದರೆ ಅದನ್ನು ಈಗಲೇ ಬಿಟ್ಟುಬಿಡಿ. ನಾನು ಹುಟ್ಟು ಪುಕ್ಕಲ. ಹಗ್ಗ ಕಂಡರೂ ಹಾವೆಂದು ಬೆಚ್ಚುವ ಪೈಕಿ.

ಹುಟ್ಟಿದ ರೀತಿಯೇ ಹಾಗಿತ್ತು. ಕಾರ್ಖಾನೆಯಲ್ಲಿ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಯಂತ್ರ ಬಗ್ಗಿಸಿ ದುಂಡಗೆ ಮಾಡಿತು. ಎರಡು ತುದಿಗಳನ್ನು ಒತ್ತಿ ಕೂಡಿಸಿದರು. ಕೂಡಿಸಿದ ಆ ಗೆರೆ ಈಗಲೂ ನನ್ನ ಮೈಮೇಲಿದೆ. ಅದು ಬಿಟ್ಟುಕೊಂಡರೆ ಗತಿಯೇನು ಎಂಬುದೇ ನನ್ನ ಜೀವನದ ಮೊದಲ ಯೋಚನೆ. ಆಮೇಲೆ ನಡುವೆ ಅಚ್ಚು ಕೂರುವ ಹಬ್ ಇಟ್ಟು ಇಪ್ಪತ್ತೆಂಟು ಕಡ್ಡಿಗಳನ್ನು ಎಳೆದು ಬಿಗಿದರು. ಹಿಂದಿನ ಗಾಲಿಯ ಜೊತೆ ಒಂದೇ ಪೆಟ್ಟಿಗೆಯಲ್ಲಿ ಮಲಗಿಸಿ, ಮೇಲೆ 'ಹೊಸಬರಿಗೆ' ಎಂದು ಚೀಟಿ ಅಂಟಿಸಿದರು. ಹೊಸಬರು ಎಂದರೆ ಬೀಳುವವರು ಎಂದು ಪೆಟ್ಟಿಗೆಯಲ್ಲೇ ನಡುಗಿದೆ.

ವಿಜಯಪುರದಲ್ಲಿ ರಾಜೇಸಾಬನ ಸೈಕಲ್ ಅಂಗಡಿಯ ಕೊಕ್ಕೆಗೆ ನೇತುಬಿದ್ದೆ. ನನ್ನ ಮೇಲಿನ ಸಾಲಿನಲ್ಲಿ ಕಪ್ಪು ಬಣ್ಣದ, ಕಡ್ಡಿ ಕಡಿಮೆ ಇರುವ, ಬೆಲೆ ಕೇಳಿದರೆ ತಲೆ ತಿರುಗುವ ಗಾಲಿಗಳು. ಆ ಊರಲ್ಲಿ ಸೈಕಲ್ ಹುಚ್ಚು ಬಹಳ. ಬಂದವರೆಲ್ಲ ಮೇಲೆ ನೋಡುತ್ತಿದ್ದರು. ಯಾರೂ ನನ್ನನ್ನು ಕೇಳದಿದ್ದರೆ ಸಾಕಪ್ಪ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಒಂದು ದಿನ ಟಾಂಗಾ ಹೊಡೆಯುವ ಯಲಗೂರಪ್ಪ ತನ್ನ ಮಗಳು ಕಸ್ತೂರಿಯನ್ನು ಕರೆದುಕೊಂಡು ಬಂದ. ಹದಿನೇಳರ ಹುಡುಗಿ. ಹಳೆಯ ರೇಸ್ ಸೈಕಲ್ಲೊಂದಿತ್ತು, ಗಾಲಿಗಳು ಸೊಟ್ಟಗಾಗಿದ್ದವು. ಬೇಸಿಗೆಯಲ್ಲಿ ರಾಜ್ಯ ತಂಡದ ಆಯ್ಕೆ. ಮುಂದಿನ ವರ್ಷ ಕಿರಿಯರ ವಿಭಾಗಕ್ಕೆ ಅವಳ ವಯಸ್ಸು ಮೀರುತ್ತದೆ, ಆಗ ದೊಡ್ಡವರ ಜೊತೆ ಸ್ಪರ್ಧೆ. ಇದ್ದದ್ದು ಇದೊಂದೇ ಅವಕಾಶ.

ಕಸ್ತೂರಿಯ ಕಣ್ಣು ಮೇಲಿನ ಸಾಲಿನಲ್ಲೇ ಇತ್ತು. "ಕಾಕಾ, ಅದು ಹಗುರ ಐತೇನ್ರಿ?" ಎಂದಳು.

"ಹಗುರ ಐತಿ ತಂಗಿ. ಆದ್ರ ಮೊದಲನೇ ಗಾಲಿಗೆ ಹಗುರ ನೋಡಬ್ಯಾಡ, ಗಟ್ಟಿ ನೋಡು. ನೀ ದಿನಾ ಓಡಸೂದು ನಮ್ಮ ತಗ್ಗಿನ ರಸ್ತಾದಾಗ. ಒಂದು ಕಡ್ಡಿ ಮುರದ್ರ ನಮ್ಮೂರಾಗ ಸಿಗಬೇಕು, ನಾ ಕುಂತಲ್ಲೇ ಹಾಕಿಕೊಡಬೇಕು," ಎಂದು ರಾಜೇಸಾಬ ನನ್ನನ್ನು ಕೆಳಗಿಳಿಸಿದ. ನನ್ನ ಜೀವ ಬಾಯಿಗೆ ಬಂತು.

ಯಲಗೂರಪ್ಪ ನನ್ನ ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಕಣ್ಣು ಮುಚ್ಚಿ ಕಿವಿ ಹತ್ತಿರ ತಂದ. "ಕುದುರಿ ಕೊಳ್ಳೂ ಮುಂದ ಹಲ್ಲ ನೋಡಬೇಕು, ಗಾಲಿ ಕೊಳ್ಳೂ ಮುಂದ ಕಿವಿ ಕೊಡಬೇಕು. ಇದು ಸುಮ್ಮನ ತಿರಗತೈತಿ. ಇದ ಇರಲಿ," ಎಂದ. ನಾನು ಸುಮ್ಮನಿದ್ದದ್ದು ಭಯಕ್ಕೆ. ಅದು ಅವನಿಗೆ ಗುಣವಾಗಿ ಕೇಳಿಸಿತು.

ಮರುದಿನದಿಂದ ಸಿಂದಗಿ ರಸ್ತೆಯಲ್ಲಿ ನನ್ನ ಪರದಾಟ ಶುರು. ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಭಯ, ನಾಯಿ ಕಂಡರೆ ಭಯ, ನೀರು ತುಂಬಿದ ತಗ್ಗು ಕಂಡರಂತೂ ಕಡ್ಡಿ ಕಡ್ಡಿಯೂ ನಡುಗುತ್ತಿತ್ತು. ಹಿಂದಿನ ಗಾಲಿಗೇನು, ನಾನು ಹೋದ ದಾರಿಯಲ್ಲಿ ಬಂದರಾಯಿತು. ಮೊದಲು ಬೀಳುವವನು ನಾನು. ಕಸ್ತೂರಿ ಮಾತ್ರ ಹಾಡಿಕೊಂಡು ತುಳಿಯುತ್ತಿದ್ದಳು. ಅವಳ ಬೆವರು ನನ್ನ ಮೇಲೆ ಬೀಳುತ್ತಿತ್ತು. ನನಗೆ ಅವಳೆಂದರೆ ಪ್ರೀತಿ ಬಂದುಬಿಟ್ಟಿತು, ಅದರಿಂದ ಭಯ ಇಮ್ಮಡಿಯಾಯಿತು. ಮೊದಲು ನನ್ನ ಚಿಂತೆಯಷ್ಟೇ ಇತ್ತು, ಈಗ ಅವಳದೂ ಸೇರಿತು.

ಆಯ್ಕೆಗೆ ಎರಡು ದಿನ ಇತ್ತು. ಕಸ್ತೂರಿ ಪರೀಕ್ಷೆ ಬರೆಯಲು ಕಾಲೇಜಿಗೆ ಹೋಗಿದ್ದಳು. ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಯಲಗೂರಪ್ಪ ಟಾಂಗಾದ ಗಾಲಿಗಳನ್ನು ಬಿಚ್ಚಿ ಕುದುರೆಯ ನೀರಿನ ತೊಟ್ಟಿಗೆ ಇಳಿಸುತ್ತಿದ್ದ. ಪ್ರತಿ ಬೇಸಿಗೆಗೂ ಅವನ ಪದ್ಧತಿ ಅದು. ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗಿದರೆ ಮೇಲಿನ ಕಬ್ಬಿಣದ ಪಟ್ಟಿ ಸಡಿಲಾಗುತ್ತದೆ. ನೀರು ಕುಡಿದರೆ ಕಟ್ಟಿಗೆ ಉಬ್ಬಿ ಬಿಗಿಯಾಗುತ್ತದೆ. ಅವನ ಅಪ್ಪನೂ ಹೀಗೇ ಮಾಡುತ್ತಿದ್ದನಂತೆ.

ಕೆಲಸ ಮುಗಿಸಿ ನನ್ನ ಕಡೆ ತಿರುಗಿದ. "ನೀನೂ ಬಿಸಲಿಗೆ ಕಾದೀಯಲ್ಲೋ ಮಗನ," ಎಂದ.

ಬೇಡ ಮಾರಾಯ, ನಾನು ಕಟ್ಟಿಗೆಯಲ್ಲ ಎಂದು ಕೂಗಬೇಕೆನಿಸಿತು. ಗಾಲಿಗೆ ಬಾಯಿ ಎಲ್ಲಿದೆ? ಹಿಂದಿನ ಗಾಲಿಗೆ ಸರಪಳಿ ಇದ್ದದ್ದರಿಂದ ಅದರ ತಂಟೆಗೆ ಹೋಗಲಿಲ್ಲ. ಮಗಳು ದಿನಾ ಮಾಡುವುದನ್ನು ನೋಡಿದ್ದನಲ್ಲ, ಅಚ್ಚಿನ ಒಂದು ತುದಿಯ ಪುಟ್ಟ ಹಿಡಿಕೆ ಎತ್ತಿ, ಇನ್ನೊಂದು ತುದಿಯ ತಿರುಪು ಸಡಿಲಿಸಿ ನನ್ನನ್ನು ಬಿಚ್ಚಿದ. ಪ್ರೀತಿಯಿಂದ ತೊಟ್ಟಿಯಲ್ಲಿ ಮುಳುಗಿಸಿದ. ಮೋತಿ ಎಂಬ ಅವನ ಕುದುರೆ ಬಂದು ಮೂಸಿತು. ಅದರ ಹಲ್ಲು ಕಂಡು ಅರ್ಧ ಸತ್ತೆ. ಉಳಿದರ್ಧ ಹಬ್‌ನ ಒಳಗೆ ನೀರು ಇಳಿದಾಗ ಸತ್ತೆ. ಒಳಗಿನ ಉಕ್ಕಿನ ಗುಂಡುಗಳ ಗ್ರೀಸು ತೇಲಿಹೋಯಿತು, ತಳದ ಮರಳು ಒಳಗೆ ಬಂತು.

ಸಂಜೆ ಟವೆಲ್ಲಿನಿಂದ ಮೈ ಒರೆಸಿ ನನ್ನನ್ನು ಮತ್ತೆ ಸೈಕಲ್ಲಿಗೆ ಕೂರಿಸಿದ. ತಿರುಪು ಬಿಗಿದ, ಆಮೇಲೆ ಏನೋ ನೆನಪಾದವನಂತೆ ಎರಡು ಸುತ್ತು ಹಿಂದಕ್ಕೆ ಬಿಟ್ಟ. "ಗಾಲಿಗೆ ಉಸರಾಡಾಕ ಜಾಗ ಬೇಕು," ಎಂದು ತನಗೇ ಹೇಳಿಕೊಂಡ. ಟಾಂಗಾದ ಗಾಲಿಗೆ ಅದು ಸರಿ, ಕೀಲಿನ ಬಳಿ ತುಸು ಸಡಿಲವಿಲ್ಲದಿದ್ದರೆ ಅದು ತಿರುಗುವುದೇ ಇಲ್ಲ. ನನಗೆ ಅದು ಸಾವು. ಅಚ್ಚಿನ ಹಿಡಿಕೆಯನ್ನು ಮಾತ್ರ ಎಂದಿನಂತೆ ಮಡಚಿಟ್ಟ. ನೋಡಿದವರಿಗೆ ಎಲ್ಲವೂ ಬಿಗಿ. ಆದರೆ ಕಸ್ತೂರಿ ಪೆಡಲ್ ಮೇಲೆ ಎದ್ದು ನಿಂತು ಹ್ಯಾಂಡಲ್ಲನ್ನು ಮೇಲಕ್ಕೆ ಜಗ್ಗಿದರೆ ಸಾಕು, ನಾನು ಕಳಚಿಕೊಳ್ಳುತ್ತೇನೆ. ಅವಳು ಮುಖ ಅಡಿಯಾಗಿ ಬೀಳುತ್ತಾಳೆ.

ಮರುದಿನ ಅವಳಿಗೆ ವಿಶ್ರಾಂತಿ. ಯಾರೂ ನನ್ನನ್ನು ಮುಟ್ಟಲಿಲ್ಲ. ಗೋಡೆಗೊರಗಿ ನಿಂತು ನಾನು ಒಂದೇ ಮೊರೆಯಿಟ್ಟೆ: ದೇವರೇ, ನನ್ನನ್ನು ಪಂಕ್ಚರ್ ಮಾಡು. ಆಗಲಿಲ್ಲ.

ಆಯ್ಕೆಯ ಬೆಳಿಗ್ಗೆ ಟೆಂಪೊದಲ್ಲಿ ಸೈಕಲ್ ಮಲಗಿಸಿ ಒಯ್ದರು. ರಸ್ತೆಯ ಬದಿಗೆ ಜನ ಸಾಲಾಗಿ ನಿಂತಿದ್ದರು, ಓಟ ನೋಡಲು ಬಂದ ರಾಜೇಸಾಬನೂ ಅವರಲ್ಲಿದ್ದ. ಒಂದೊಂದು ನಿಮಿಷಕ್ಕೆ ಒಬ್ಬೊಬ್ಬಳನ್ನು ಬಿಡುವುದು, ಗಡಿಯಾರದ ಲೆಕ್ಕದಲ್ಲಿ ಬೇಗ ಮುಗಿಸಿದವರನ್ನು ಆರಿಸುವುದು. ಕಸ್ತೂರಿ ನನ್ನ ಗಾಳಿ ಒತ್ತಿ ನೋಡಿದಳು, ಹಿಡಿಕೆ ಕಡೆ ಕಣ್ಣಾಡಿಸಿದಳು, ಸರಿಯಿದೆ ಎಂದುಕೊಂಡಳು. ಅವಳ ಸರದಿ ಬಂತು. ಹಿಂದೆ ಒಬ್ಬರು ಸೀಟು ಹಿಡಿದು ನಿಂತರು. ಎಣಿಕೆ ಮುಗಿಯಿತು, ಬಿಟ್ಟರು.

ನಾನು ಉರುಳಿದೆ. ಒಳಗಿನ ಮರಳು ಗುಂಡುಗಳ ನಡುವೆ ಸಿಕ್ಕು ಕರ್ ಕರ್ ಎಂದಿತು. ನನಗೆ ಬಾಯಿಲ್ಲ ಎಂದೆನಲ್ಲ, ಅಂದು ಹುಟ್ಟಿತು ನೋಡಿ. ಇದ್ದಷ್ಟೂ ಭಯವನ್ನು ಆ ಸದ್ದಿಗೆ ಸೇರಿಸಿ ಅರಚಿದೆ.

ಇಪ್ಪತ್ತು ಮಾರು ಮುಂದೆ ಯಲಗೂರಪ್ಪ ನಿಂತಿದ್ದ. ಚಪ್ಪಾಳೆ ತಟ್ಟಲು ಎತ್ತಿದ ಕೈ ಅಲ್ಲೇ ನಿಂತಿತು. ಅವನ ಕಿವಿ ಬಲ್ಲ ಸದ್ದು ಇದಾಗಿರಲಿಲ್ಲ. ಕಣ್ಣು ನನ್ನ ಮೇಲೆ ಬಿತ್ತು. ನಾನು ಅತ್ತಿತ್ತ ಓಲಾಡುತ್ತಿದ್ದೆ. ಕಸ್ತೂರಿ ಇನ್ನೇನು ಎದ್ದು ನಿಲ್ಲುವವಳು. ಅವನು ಒಂದೇ ನೆಗೆತಕ್ಕೆ ರಸ್ತೆಗಿಳಿದು, ಬೆದರಿದ ಕುದುರೆಯನ್ನು ತಡೆಯುವವನಂತೆ ಎರಡೂ ಕೈ ಚಾಚಿದ. "ನಿಲ್ಲವ್ವಾ! ನಿಲ್ಲು!"

"ಯಪ್ಪಾ, ಸರಿಯೋ! ಟೈಮ್ ಹೊಂಟೈತಿ!" ಎಂದು ಚೀರುತ್ತಲೇ ಅವಳು ಬ್ರೇಕ್ ಹಿಡಿದಳು.

ಅಧಿಕಾರಿಗಳು ಬೈಯುತ್ತ ಬಂದರು, ಗಡಿಯಾರ ನಿಲ್ಲುವುದಿಲ್ಲ ಎಂದರು. ರಾಜೇಸಾಬ ಓಡಿ ಬಂದು ಸೈಕಲ್ಲಿನ ಮುಂಭಾಗ ಎತ್ತಿದ. ನಾನು ತಾನಾಗಿಯೇ ಕಳಚಿ ರಸ್ತೆಯ ಮೇಲೆ ಬಿದ್ದೆ, ನಾಲ್ಕು ಮಾರು ಉರುಳಿ ಮಲಗಿದೆ. ಬೈಯುತ್ತಿದ್ದವರು ದಾರಿ ಬಿಟ್ಟು ಹಿಂದೆ ಸರಿದರು.

"ನಾನ ಮಾಡೀನವ್ವಾ," ಎಂದ ಯಲಗೂರಪ್ಪ. ನನ್ನನ್ನು ಎತ್ತಿಕೊಂಡು ಬಂದ. "ಟಾಂಗಾದ ಗಾಲಿ ಹಂಗ ನೀರಾಗ ನೆನೆಸೀನಿ. ಸಡ್ಲೂ ನಾನ ಬಿಟ್ಟೀನಿ."

ಕಸ್ತೂರಿ ಅಪ್ಪನ ಮುಖ ನೋಡಿದಳು, ನನ್ನನ್ನು ನೋಡಿದಳು. "ಕಾಕಾ, ಲಗೂನ ಹಾಕ್ರಿ," ಎಂದಷ್ಟೇ ಹೇಳಿದಳು. ರಾಜೇಸಾಬ ಬಿಗಿದ. ಅವಳು ಕಣ್ಣೀರು ಒರೆಸಿಕೊಳ್ಳದೆ ಹೊರಟಳು. ದಾರಿಯುದ್ದಕ್ಕೂ ನಾನು ಕರಕರ ಎನ್ನುತ್ತ, ಅಳುತ್ತ ಓಡಿದೆ. ಅಷ್ಟು ಜೋರಾಗಿ ನಾನು ಎಂದೂ ಓಡಿರಲಿಲ್ಲ.

ಆರಿಸಿದ್ದು ಐವರನ್ನು. ಕಸ್ತೂರಿ ಆರನೆಯವಳು. ತಂಡದ ಜೊತೆ ಒಬ್ಬಳು ಹೆಚ್ಚುವರಿಯಾಗಿ ಹೋಗಬಹುದಿತ್ತು. ಹಾಗೆ ಹೋದಳು. ಆ ಸಲ ಇಡೀ ರಾಷ್ಟ್ರಮಟ್ಟದ ಸ್ಪರ್ಧೆಯನ್ನು ಬೇಲಿಯ ಹೊರಗೆ ನಿಂತು ನೋಡಿದಳು. ಆದರೆ ಅಲ್ಲಿನ ತರಬೇತುದಾರರು ಅವಳನ್ನು ಬಿಡಲಿಲ್ಲ, ತರಬೇತಿಗೆ ಉಳಿಸಿಕೊಂಡರು. ಈಗ ದೊಡ್ಡವರ ಜೊತೆ ಓಡುತ್ತಾಳೆ, ಅವಳ ಗಾಲಿಗಳು ಮೇಲಿನ ಸಾಲಿನವು.

ನಾನು ಟಾಂಗಾ ನಿಲ್ಲಿಸುವ ಚಪ್ಪರದ ಮೊಳೆಯ ಮೇಲಿದ್ದೇನೆ. ರಿಮ್ಮು ಸವೆದಿದೆ, ಎರಡು ಕಡ್ಡಿ ಮುರಿದಿವೆ. ಬೇಸಿಗೆ ಬಂದರೆ ಕಟ್ಟಿಗೆಯ ಗಾಲಿಗಳು ತೊಟ್ಟಿಗಿಳಿಯುತ್ತವೆ. ನನ್ನನ್ನು ಯಾರೂ ಇಳಿಸುವುದಿಲ್ಲ.

ಪ್ರತಿ ಸ್ಪರ್ಧೆಗೂ ಮುಂಚೆ ಯಲಗೂರಪ್ಪ ನನ್ನ ಬಳಿ ಬಂದು ನಿಂತು ಮಗಳಿಗೆ ಫೋನ್ ಮಾಡುತ್ತಾನೆ. ಚೆನ್ನಾಗಿ ಓಡು ಅನ್ನುವುದಿಲ್ಲ, ಗೆದ್ದು ಬಾ ಅನ್ನುವುದಿಲ್ಲ.

"ಬಿಗಿ ಐತೇನವ್ವಾ?"

"ಬಿಗಿ ಐತಿ ಯಪ್ಪಾ. ಮೂರ ಸಲ ನೋಡೀನಿ."

ಅವನು ಫೋನ್ ಜೇಬಿಗಿಟ್ಟು ನನ್ನ ಮೇಲೆ ಅಂಗೈ ಇಡುತ್ತಾನೆ. ಓಟ ಮುಗಿಸಿ ಅವಳು ಮತ್ತೆ ಫೋನ್ ಮಾಡುವ ತನಕ ನಾವಿಬ್ಬರೂ ಹಾಗೇ ಹೆದರಿಕೊಂಡು ಕಾಯುತ್ತೇವೆ.