ಬೆಟ್ಟಮ್ಮನ ತಂಗಿಯರು

“ಅಮ್ಮ, ಬೆಟ್ಟಮ್ಮಜ್ಜಿಗೆ ಎಷ್ಟು ಜನ ತಂಗೀರು?” ಎಂದು ಮಗಳು ನಿಸರ್ಗ ಕೇಳಿದ್ದು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ. ಒಂದು ದಿನ ಕೊರಳಲ್ಲಿ ಶಿಲುಬೆ ಇದ್ದವಳು, ಇನ್ನೊಂದು ದಿನ ಮೊಳಕೈವರೆಗೆ ಬಳೆ ತೊಟ್ಟ ಲಂಬಾಣಿ ಹೆಂಗಸು, ಇವತ್ತು ಬುರ್ಖಾದ ಬಸುರಿ ಜರೀನಾ. ಎಲ್ಲರನ್ನೂ ಬೆಟ್ಟಮ್ಮ ತಂಗಿಯೆಂದೇ ಹಾಸನದ ಬಸ್ಸು ಹತ್ತಿಸುತ್ತಿದ್ದರು.

ಹೇಮಾವತಿಯ ಮೇಲಿನ ಮಂಜು ಊರೊಳಗೆ ಸುಳಿದಾಡುವ ಹೊತ್ತಿನಲ್ಲಿ, ಸೀರೆಯ ಮೇಲೆ ತೀರಿಹೋದ ಗಂಡನ ಕಂದು ಕೋಟು ತೊಟ್ಟು, ತುಂಬಿದ ಕೊಡ ಹೊತ್ತವರಂತೆ ತುಳುಕದ ನಡಿಗೆಯಲ್ಲಿ ಅವರು ಬರುವುದನ್ನು ಕಂಡರೆ, ಮೊದಲು ಕೋಟೊಂದೇ ತೇಲಿಬಂದು ಆಮೇಲೆ ಅದರ ಮೇಲೊಂದು ಮುಖ ಮೂಡಿದಂತೆ ಅನ್ನಿಸುತ್ತಿತ್ತು. ಹಾಸ್ಟೆಲಿನ ಅಡುಗೆ ಕೆಲಸದಿಂದ ನಿವೃತ್ತರಾದ ಮೇಲೆ, ಆಸ್ಪತ್ರೆಗೆ ಹೆದರುವವರ ಪಕ್ಕ ಕೂರುವ ಕೆಲಸವನ್ನು ಯಾರೂ ಒಪ್ಪಿಸದೆ ತಾವೇ ಹಚ್ಚಿಕೊಂಡವರು.

ಜರೀನಾಳ ಹೆದರಿಕೆಗೆ ಕಾರಣವಿತ್ತು. ಹಿಂದಿನ ಬಸಿರಿನಲ್ಲಿ ಯಾವುದೋ ದವಾಖಾನೆಯಲ್ಲಿ ಅವಳ ಮಾತಿಗೂ ಉಡುಪಿಗೂ ನಕ್ಕರು. ಮತ್ತೆ ಆ ಬಾಗಿಲು ತುಳಿಯದೆ, ಏರಿದ ಬಿಪಿಯಲ್ಲಿ ಕೂಸನ್ನು ಹೊಟ್ಟೆಯಲ್ಲೇ ಕಳೆದುಕೊಂಡಳು. ಈ ಸಲವೂ ಬಿಪಿ. ಬೆಟ್ಟಮ್ಮ ಬಂದರೆ ಮಾತ್ರ ಬರುವೆನೆಂದು ಹಟ.

ಮಗಳ ಕೆಮ್ಮಿಗೆಂದು ನಾನೂ ಅದೇ ಬಸ್ಸು ಹತ್ತಿದ್ದೆ. ಗದ್ದೆ, ತೆಂಗಿನ ಸಾಲು, ಹೊಳೆಯ ಬೆಳಕು ಕಿಟಕಿಯ ಗಾಜಿನಲ್ಲಿ ಕರಗಿ ಹರಿಯುತ್ತಿರಲು ಜರೀನಾ ಆ ಕೋಟಿನ ಹೆಗಲಿಗೊರಗಿ ನಿದ್ದೆಹೋಗಿದ್ದಳು.

“ಏನ್ ಬೆಟ್ಟಮ್ಮ, ಇವಳೂ ತಂಗೀನಾ? ನಿಮ್ಮಪ್ಪ ಎಷ್ಟೂರಲ್ಲಿ ಸಂಸಾರ ಮಾಡಿದ್ದ?” ಎಂದು ಹಾಸನದ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಾಂತರಾಜು ಕೆಣಕಿದ.

“ನಮ್ಮಪ್ಪನ ಸುದ್ದಿ ಆಮ್ಯಾಕ್ ಏಳ್ತೀನಿ ಸಾ, ಮೊದ್ಲು ಚೀಟಿ ಕೊಡಿ.”

ಎಲ್ಲರನ್ನೂ ತಂಗಿ ಎಂದು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತೀರಲ್ಲ ಎಂದು ನಾನು ನಕ್ಕೆ. ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. “ಮೊದಲ್ನೇ ಹೆರಿಗೇಲಿ, ಕೇರಿಯೋಳು ಅಂತ ಆಸ್ಪತ್ರೇಲಿ ನನ್ನ ಯಾರೂ ಮುಟ್ನಿಲ್ಲ ಕಣವ್ವ. ಗ್ವಾಡೆ ಇಡ್ಕಂಡೇ ಹೆತ್ತೆ. ಮಗ ಉಳೀನಿಲ್ಲ.” ಮತ್ತೆ ಜಗಿಯತೊಡಗಿದರು.

ಜರೀನಾಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಬೆಟ್ಟಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ತಮಗೆ ಸಿಗದೆ ಹೋದ ಆಸರೆಯ ಕಹಿಯನ್ನು ಮನಸ್ಸಿನಲ್ಲಿ ಕೂಡಿಡದೆ, ಆ ಆಸರೆಯನ್ನೇ ಊರಿಗೆಲ್ಲ ಹಂಚಲು ಹೊರಡುವ ಜನ ಅಲ್ಲಲ್ಲಿ ಇರುತ್ತಾರೆ. ಎಷ್ಟು ಮಂದಿ ಅವರನ್ನು ಹಿಡಿದು ನಡೆಯುತ್ತಿದ್ದರೆಂದು ಗೊತ್ತಾಗುವುದು ಅವರು ಹಾಸಿಗೆ ಹಿಡಿದಾಗಲೇ.

ನೋಡಲು ಹೋದ ನನ್ನನ್ನು ಅವರು ಮಂಚದ ಹತ್ತಿರ ಕರೆದರು.

“ಸೋಮ್ವಾರ ಜರೀನಾನ ನೀನೇ ಆಸನಕ್ಕೆ ಕರ್ಕಂಡೋಗವ್ವ. ಬಸ್ಸಲ್ಲಿ ವಾಂತಿ ಆಯ್ತದೆ, ಕಿಟಕಿ ತಾವು ಕೂರ್ಸು. ಬಿಪಿ ನೋಡೋವಾಗ ಒಂದು ಕೈಗೆ ಪಟ್ಟಿ ಸುತ್ತುತಾರಲ್ಲ, ಇನ್ನೊಂದು ಕೈಯ ನೀನು ಇಡ್ಕಂಡಿರು. ಬುಡಬ್ಯಾಡ.”