ಎರಡು ಸಾವಿರ ವರ್ಷದ ಮುಸುರೆ

ಅವರ್ಸಾ ಊರಿನ ಏಡಿಗಳ ಮೇಲೆ ನನಗೆ ಸಿಟ್ಟಿದೆ. ನಗಬೇಡಿ. ಇಡೀ ದಿನ ಕೂತು ಮಣ್ಣು ಕೆರೆದು, ಕಡೆಗೂ ಹಳೇ ಒಲೆಯ ಇದ್ದಿಲು ಸಿಕ್ಕಿತು ಅನ್ನುವಷ್ಟರಲ್ಲಿ ಪಕ್ಕದಲ್ಲೇ ಒಂದು ಏಡಿಯ ಬಿಲ. ಆ ಇದ್ದಿಲು ನಿಜಕ್ಕೂ ಹಳೇದೋ, ಹೋದ ವರ್ಷ ಯಾರೋ ಗೇರುಬೀಜ ಸುಟ್ಟದ್ದನ್ನು ಏಡಿ ಕೆಳಗೆ ಎಳೆದುಕೊಂಡು ಹೋದದ್ದೋ, ಯಾರಪ್ಪ ಹೇಳಬೇಕು? ಪ್ರಯೋಗಾಲಯದವರು ಅಂಥದ್ದನ್ನು ಮೂಸಿಯೂ ನೋಡುವುದಿಲ್ಲ.

ನಾನು ಸುನೀತಾ, ಕಾರವಾರದವಳು. ಹಳೇ ಜನ ಬದುಕಿದ ನೆಲ ಅಗೆಯುವುದು ನನ್ನ ಕೆಲಸ. ಹಳ್ಳದ ದಂಡೆಯ ಈ ಚಿಪ್ಪಿನ ದಿಬ್ಬದ ಮೇಲೆ ಎರಡು ಸಾವಿರ ವರ್ಷದ ಹಿಂದೆಯೇ ಜನ ಒಲೆ ಹೂಡಿದ್ದರು ಅಂತ ನಾನು ಹೇಳಿದಾಗೆಲ್ಲ ಮೇಲಿನವರದ್ದು ಒಂದೇ ರಾಗ: ಪುರಾವೆ ಎಲ್ಲಿ? ಜಾಗದ ಯಜಮಾನ ದೇವಾನಂದರು ಒಳ್ಳೆಯವರೇ, ಆದರೆ ಅವರಿಗೂ ಮನೆ ಕಟ್ಟಬೇಕಲ್ಲ. "ಮಳೆಗಿಂತ ಮುಂಚೆ ಪಾಯ ಆಗ್ಲೇಬೇಕು ಬಾಯಿ. ಸೋಮವಾರ ಗುಂಡಿ ಮುಚ್ಚೂಕೆ ಮಣ್ಣಿನ ಲಾರಿ ಬರ್ತದೆ" ಅಂದುಬಿಟ್ಟಿದ್ದರು.

ಶುಕ್ರವಾರ ಮಡಕೆ ಸಿಕ್ಕಿತು. ಅರ್ಧವೇ ಇತ್ತು, ಆದರೆ ತಳ ಗಟ್ಟಿಯಾಗಿತ್ತು. ಆ ತಳಕ್ಕೆ ಯಾವ ಕಾಲದ್ದೋ ಅನ್ನವೋ ಗಂಜಿಯೋ ಸೀದು, ಕಪ್ಪಗೆ ಹತ್ತಿ ಕೂತಿತ್ತು. ಮಡಕೆಗೇ ಹತ್ತಿದ್ದನ್ನು ಯಾವ ಏಡಿಯೂ ತಂದಿಡುವುದಿಲ್ಲ. ಅದರಲ್ಲಿ ಉಗುರಿನಷ್ಟು ಪ್ರಯೋಗಾಲಯಕ್ಕೆ ಹೋದರೆ ಸಾಕು, ಯಾವ ಕಾಲದ್ದು, ಏನು ಬೇಯಿಸಿದ್ದರು, ಎಲ್ಲ ಹೊರಬೀಳುತ್ತದೆ. ಬರುವ ವರ್ಷವೂ ಅಗೆಯಲು ಪರವಾನಗಿ ಸಿಗುತ್ತದೆ. ನನಗೆ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಉಳಿದುಕೊಂಡದ್ದು ದಿಬ್ಬದ ಬದಿಯ ಹೊನ್ನಮ್ಮನ ಮನೆಯಲ್ಲಿ. ಗದ್ದೆ ಕೆಲಸ ಮುಗಿಸಿ ಬಂದವಳು ನನ್ನ ಜೊತೆ ಅಂಗಳದಲ್ಲಿ ಕೂತು, ಹಲ್ಲುಜ್ಜುವ ಬ್ರಶ್ಶಿನಿಂದ ಮಡಕೆ ಚೂರು ತೊಳೆಯುತ್ತಿದ್ದಳು. ಮಣ್ಣು ಹೋದರೆ ತಾನೇ ಚೂರಿನ ಮೇಲಿನ ಗೀರು, ಬಣ್ಣ ಕಾಣುವುದು. ತೊಳೆಯಲು ಕಲಿಸಿದವಳೂ ನಾನೇ. ಈ ಮಡಕೆಯನ್ನು ಮಾತ್ರ ಬೆಳ್ಳಿ ಕಾಗದದಲ್ಲಿ ಸುತ್ತಿ, ಒಳಗೆ ದೇವರ ಕೋಣೆಯಲ್ಲಿಟ್ಟು, "ಜೋಪಾನ ಹೊನ್ನಮ್ಮ, ಇದು ಎಲ್ಲಕ್ಕಿಂತ ಮುಖ್ಯದ್ದು" ಅಂದೆ. ಶನಿವಾರ ಬೆಳಿಗ್ಗೆ ಕಾರವಾರಕ್ಕೆ ಹೋಗಿ ಮಾದರಿ ತುಂಬುವ ಶೀಶೆ ತಂದೆ.

ಬಸ್ಸಿಳಿದು ಬರುತ್ತೇನೆ, ತುಳಸಿ ಕಟ್ಟೆಯ ಮೇಲೆ ಮಡಕೆ ಬಿಸಿಲು ಕಾಯಿಸುತ್ತ ಕೂತಿದೆ. ಕೆಂಪಗೆ, ಈಗಷ್ಟೇ ಕುಂಬಾರನ ಮನೆಯಿಂದ ತಂದ ಹಾಗೆ.

"ನೀ ತೊಳೂಕೆ ಮರ್ತು ಹೋಗಿದ್ದೆ ತಂಗಿ" ಅಂದಳು ಹೊನ್ನಮ್ಮ. "ತಳ ಹತ್ತಿದ ಮುಸುರಿ ಮಡ್ಕಿ ದೇವ್ರ ಬದಿಗೆ ಇಡೂಕೆ ಆಗ್ತದ್ಯಾ? ಬಿಸ್ನೀರಲ್ಲಿ ನೆನ್ಸಿ, ಬೂದಿ ಹಾಕಿ, ತೆಂಗಿನ ಜುಂಗಿಂದ ತಿಕ್ದೆ. ಕೈ ಬಿದ್ದೇ ಹೋಯ್ತು ನಂದು. ಯಾವಳು ಸೀಸಿಟ್ಟಿದ್ಲೋ ಏನೋ."

"ನೀರು ಎಲ್ಲಿ ಚೆಲ್ಲಿದಿರಿ?"

"ಬಾಳಿ ಬುಡಕ್ಕೆ."

ಬಾಳೆ ಬುಡದಲ್ಲಿ ಮೊಣಕಾಲೂರಿ ಕೆಸರು ಕೆದಕಿದೆ. ಅವಳ ಒಲೆಯ ನಿನ್ನೆಯ ಬೂದಿಯೂ ಆ ಕಾಲದ ಕರಕಲೂ ಒಂದೇ ರಾಡಿಯಾಗಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ಅಲ್ಲೂ ನಿಲ್ಲಲಿಲ್ಲ.

"ಎರಡು ಸಾವಿರ ವರ್ಷ ಉಳಿದದ್ದು ನಿಮ್ಮ ಕೈಲಿ ಒಂದು ಬೆಳಿಗ್ಗೆ ಉಳಿಯಲಿಲ್ಲ. ಯಾರು ಹೇಳಿದರು ನಿಮಗೆ ತೊಳೆಯಲಿಕ್ಕೆ? ಇನ್ನು ಮುಂದೆ ನನ್ನದು ಅಂತ ಏನಿದೆಯೋ ಯಾವುದನ್ನೂ ಮುಟ್ಟಬೇಡಿ."

ಹೊನ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ತೊಳೆಯಬೇಡಿ ಅಂತ ನಾನು ಹೇಳಿರಲಿಲ್ಲ, ಅದು ನನಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇನ್ನಷ್ಟು ಕೂಗಿದೆ.

ಆದಿತ್ಯವಾರ ಪೂರ್ತಿ ಹುಚ್ಚಿಯ ಹಾಗೆ ಗುಂಡಿಯಲ್ಲೇ ಇದ್ದೆ. ಚಿಪ್ಪು ಸಿಕ್ಕಿತು, ಏಡಿ ಸಿಕ್ಕಿತು. ಸೋಮವಾರ ಮಾತಿಗೆ ತಪ್ಪದೆ ಲಾರಿ ಬಂತು. ಕೆಂಪು ಮಣ್ಣು ಗುಂಡಿಗೆ ಬೀಳುವುದನ್ನು ನೋಡುತ್ತ ದೇವಾನಂದರು, "ನಿಮ್ಗೆ ಬೇಕಾದ್ದು ಸಿಕ್ತಾ ಬಾಯಿ?" ಕೇಳಿದರು. ಸಿಕ್ಕಿತ್ತು ಅಂದೆ.

ಗಂಟು ಕಟ್ಟಲು ಮನೆಗೆ ಬಂದೆ. ಅಡುಗೆಮನೆಯ ಮೂಲೆಯಲ್ಲಿ ಪೇಪರು ಮುಚ್ಚಿದ್ದು ಏನೋ ಇತ್ತು, ಎತ್ತಿ ನೋಡಿದೆ. ಶನಿವಾರ ರಾತ್ರಿ ನಾನು ಉಂಡು ಎದ್ದುಹೋದ ತಟ್ಟೆ. ಪಕ್ಕದಲ್ಲಿ ಆದಿತ್ಯವಾರದ್ದು. ಅನ್ನ ಒಣಗಿ ಹತ್ತಿಕೊಂಡಿತ್ತು, ಬಂಗಡೆಯ ಮುಳ್ಳಿಗೆ ಇರುವೆ ಸಾಲುಗಟ್ಟಿದ್ದವು.

ಬಾಗಿಲಲ್ಲಿ ಹೊನ್ನಮ್ಮ ನಿಂತಿದ್ದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ನಿಂಗೆ ಬೇಕಾಗ್ತದೋ ಏನೋ ಗೊತ್ತಾಗ್ಲಿಲ್ಲ ತಂಗಿ" ಅಂದಳು. "ನಾ ಮುಟ್ಲಿಲ್ಲ."