ಪರಿಶೀಲಿಸಲಾಗಿದೆ

‘ಸ್ಥಳದಲ್ಲಿ ಪರಿಶೀಲಿಸಲಾಗಿದೆ’ ಎಂಬ ಮಾತಿನೊಳಗೆ ಯಾರೂ ಇರುವುದಿಲ್ಲ ಎಂಬುದು ಗಂಗೋತ್ರಿಗೆ ಹೊಳೆದದ್ದು ಅದನ್ನು ಬರೆದಾದ ಮೇಲೆ. ಕುರುಗೋಡಿನಿಂದ ಬಳ್ಳಾರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಡೈರಿ ತೆರೆದು ತನಗೆ ತಾನೇ ಒಪ್ಪಿಕೊಂಡಳು: ‘ನಲವತ್ತೊಂದನೆಯದನ್ನು ನಾನು ನೋಡಿಲ್ಲ.’

ಡಿಗ್ರಿ ಮುಗಿಸಿ ಸೇರಿದ ಮೊದಲ ಕೆಲಸ ಅದು. ರಸ್ತೆ, ಸೇತುವೆ, ನೀರಿನ ಪೈಪುಗಳಿಗಾಗಿ ಸರ್ಕಾರಿ ಪ್ರಯೋಗಾಲಯಗಳು ಕಂಡುಹಿಡಿದ ಹೊಸ ಸಾಧನಗಳ ಪಟ್ಟಿ ಮಾಡಬೇಕು; ಜಿಲ್ಲೆಯಲ್ಲಿ ಬಳಕೆಯಲ್ಲಿರುವುದನ್ನು ಕಣ್ಣಾರೆ ಕಂಡು ಬರೆಯಬೇಕು. ಪುಸ್ತಕ ಅಚ್ಚಾದರೆ ಊರೂರಿನವರು ಅದನ್ನೇ ನಂಬಿ ಸಾಧನ ತರಿಸಿಕೊಳ್ಳುತ್ತಾರೆ. ನಲವತ್ತನ್ನು ನೋಡಿದ್ದಳು. ಸಿರುಗುಪ್ಪದ ಕೊನೆಯದೊಂದನ್ನು ಮಾತ್ರ, ಗುರುತಿಲ್ಲದವರಿಗೆ ಫೋನು ಮಾಡಬೇಕಲ್ಲ ಎಂದು ಹಿಂಜರಿದು, ಕೈಪಿಡಿ ನೋಡಿಯೇ ಬರೆದುಬಿಟ್ಟಿದ್ದಳು.

ಕಚೇರಿಯಲ್ಲಿ ಇಂಜಿನಿಯರ್ ಮರಿಬಸಪ್ಪನವರು ಜೀಪಿನ ಹತ್ತಿರವೇ ನಿಂತಿದ್ದರು.

“ಬಾರಮ್ಮ, ಸಿರುಗುಪ್ಪಕ್ಕ ಹೋಗಿಬರೋಣು. ನಾಳೆ ಪುಸ್ತಕ ಅಚ್ಚಿಗೆ ಹೋಗ್ತೈತಿ. ನಿನ್ನ ನಲವತ್ತೊಂದು ಓದಿ ನನಗೂ ನೋಡೋ ಆಸಿ ಆತು.”

ದಾರಿಯುದ್ದಕ್ಕೂ ಭತ್ತದ ಗದ್ದೆ. ಅವಳಿಗೆ ಒಂದೂ ಕಾಣಲಿಲ್ಲ.

ಸಿರುಗುಪ್ಪದ ಓಣಿಯೊಂದರಲ್ಲಿ, ನೀರು ಬಿಡುವ ಸುಂಕಪ್ಪ ಪೆಟ್ಟಿಗೆ ಹಿಡಿದು ಕಾಯುತ್ತಿದ್ದ. ಅವಳನ್ನು ನೋಡಿ, “ಇವರು ಹೊಸಬರೇನ್ರಿ?” ಎಂದ.

“ಹೋದ ತಿಂಗಳು ಬಂದಿದ್ಲಲ್ಲೋ!” ಎಂದರು ಮರಿಬಸಪ್ಪನವರು.

ಗಂಗೋತ್ರಿ ಪೆಟ್ಟಿಗೆಯತ್ತ ಕಣ್ಣು ತಿರುಗಿಸಿದಳು. ಸುಂಕಪ್ಪ ತಲೆ ಕೆರೆದುಕೊಂಡ. “ಬಂದಿರಬೇಕ್ರಿ. ನನಗ ವಾಲ್ವ್ ನೆನಪಿರ್ತಾವು, ಮುಖ ಅಲ್ಲ.”

ಓಣಿಯ ಎರಡು ತುದಿಯ ವಾಲ್ವುಗಳಿಗೆ ಸದ್ದು ಹಿಡಿಯುವ ಎರಡು ‘ಕಿವಿ’ ಅಂಟಿಸಿದ. “ನೀರು ಸೋರೋ ಕಡಿ ಸಪ್ಪಳ ಹುಟ್ಟತೈತ್ರಿ ಮೇಡಂ. ಯಾವ ಕಿವಿಗೆ ಎಷ್ಟು ಮೊದ್ಲು ಮುಟ್ಟಿತು ಅಂತ ಪೆಟ್ಟಿಗಿ ಲೆಕ್ಕ ಹಾಕಿ ಜಾಗ ಹೇಳತೈತಿ. ಮೊದ್ಲೆಲ್ಲ ಅರ್ಧ ಓಣಿ ಅಗಿತಿದ್ವಿ. ‘ನಿಧಿ ಹುಡುಕಾಕತ್ತೀರೇನಲೇ’ ಅಂತ ಮಂದಿ ಬೈತಿದ್ರು. ತಗೋರಿ, ಕೇಳ್ರಿ.”

ಹೆಡ್‌ಫೋನು ಹಾಕಿಕೊಂಡಳು. ಆಟೋದ ಸದ್ದು ದೂರ ಸರಿಯಿತು. ಆಮೇಲೆ, ನೆಲದ ಆಳದಿಂದ, ಕಾದ ಹಂಚಿಗೆ ನೀರು ಚಿಮುಕಿಸಿದಂಥ ಸಣ್ಣ ಸುಂಯ್. ನಿಲ್ಲುತ್ತಲೇ ಇರಲಿಲ್ಲ. ಮೇಲೆ ಒಣ ರಸ್ತೆ. ಹೆಂಗಸೊಬ್ಬಳು ಅಂಗಳ ಗುಡಿಸುತ್ತಿದ್ದಳು. ಕಾಲ ಕೆಳಗೆ ಹಗಲೂ ರಾತ್ರಿ ಹೀಗೊಂದು ಸದ್ದು ನಡೆದಿತ್ತು. ಎಲ್ಲೋ ಯಾರೋ ಕೂತು, ಅದನ್ನು ಕೇಳಲೆಂದೇ ಕಿವಿ ಮಾಡಿದ್ದರು! ಗಂಗೋತ್ರಿಯ ಮೈ ಜುಮ್ಮೆಂದಿತು. ಕೈಪಿಡಿಯ ಯಾವ ಸಾಲಿನಲ್ಲೂ ಇದು ಇರಲಿಲ್ಲ.

“ಈ ಕಿವಿಯಿಂದ ಹನ್ನೊಂದೂವರೆ ಮೀಟರ್,” ಎಂದು ಪೆಟ್ಟಿಗೆ ನೋಡಿ ಹೇಳಿದ ಸುಂಕಪ್ಪ, ಟೇಪು ಹಿಡಿದು ಸೀಮೆಸುಣ್ಣದಿಂದ ಗೀಟೆಳೆದ. ಇಬ್ಬರು ಆಳುಗಳು ಅಗೆದರು. ಮೊಣಕಾಲುದ್ದ ಹೋಗುವಷ್ಟರಲ್ಲಿ ಮಣ್ಣು ಕಪ್ಪಾಯಿತು, ಒದ್ದೆಯಾಯಿತು, ಬುಳಕ್ಕನೆ ನೀರು ಚಿಮ್ಮಿತು. ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಂಗಳ ಗುಡಿಸುತ್ತಿದ್ದವಳೂ ಪೊರಕೆ ಹಿಡಿದೇ ಬಂದು ಮೂಗಿನ ಮೇಲೆ ಬೆರಳಿಟ್ಟಳು.

“ನೀ ಬರೆದದ್ದು ಅಕ್ಷರ ಅಕ್ಷರ ಖರೇ ಐತಲ್ಲಮ್ಮ!” ಮರಿಬಸಪ್ಪನವರು ಕರಡು ಪ್ರತಿಯನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿ ಪೆನ್ನು ಚಾಚಿದರು. “ಸಹಿ ಹಾಕು.”

ಸುಳ್ಳು ತಾನಾಗಿಯೇ ನಿಜವಾಗಿತ್ತು. ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಹೇಳಿದರೆ ಕೆಲಸವೇ ಹೋದೀತು. ಪೆನ್ನು ಹಿಡಿದಳು. ಹೆಡ್‌ಫೋನು ತೆಗೆದು ಎಷ್ಟೋ ಹೊತ್ತಾಗಿದ್ದರೂ ಆ ಸುಂಯ್ ಕಿವಿ ಬಿಟ್ಟಿರಲಿಲ್ಲ.

“ಸರ್,” ಎಂದಳು. ದನಿ ಅವಳಿಗೇ ಹೊಸದೆನಿಸಿತು. “ಇದನ್ನ ಬರೆದಾಗ ನಾ ನೋಡಿದ್ದಿಲ್ರಿ.”